ಮೋಗ್ ಅನ್ನೋ ಇಂಜಿನಿಯರ್ ಮತ್ತು ಸ್ಟೋರ್ ರೂಮಿನ ಡಬ್ಬಗಳು

ಮೊದಲೇ ಒಂದು ವಿಷಯ ಹೇಳಿಬಿಡ್ತೀವಿ. ಈ ಲೇಖನದ ನಾಯಕನ ಹೆಸರು ಮೂಗ್ ಅಲ್ಲ, ಮೋಗ್. ಜೋಗ್ ಜಲಪಾತದ ಜೋಗ್ ಇದೆಯಲ್ಲ, ಅದಕ್ಕೆ ಪ್ರಾಸ ಹೊಂದುವ ಮೋಗ್. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಎರಡು ಓ ಇರೋದ್ರಿಂದ ನಾವೂ ಮೂಗ್ ಮೂಗ್ ಅಂತಲೇ ಹೇಳ್ಕೊಂಡು ಓಡಾಡಿದ್ವಿ. ಕನ್ನಡದಲ್ಲಿ ಮೂಗಿನ ಮೇಲೆ ಮಾಡಬಹುದಾದ ಜೋಕುಗಳೆಲ್ಲ ಕ್ಲಾಸಲ್ಲಿ ಮುಗಿದವು. ಆಮೇಲೆ ಗೊತ್ತಾಯ್ತು, ಅವರ ಊರಲ್ಲೂ ಅರ್ಧ ಜನ ತಪ್ಪಾಗೇ ಹೇಳ್ತಾರೆ ಅಂತ.

ಈ ಮನುಷ್ಯನ ಸಹವಾಸ ನಮಗೆ ಹೇಗಾಯ್ತು ಅಂದ್ರೆ, ಕಳೆದ ಸೆಮಿಸ್ಟರ್‌ನಲ್ಲಿ ತಪಾಸಣೆ ತಂಡ ಬರುತ್ತೆ ಅಂತ ಅನಲಾಗ್ ಲ್ಯಾಬ್ ಹಿಂದಿನ ಸ್ಟೋರ್ ರೂಮ್ ಖಾಲಿ ಮಾಡೋಕೆ ಶುರು ಮಾಡಿದ್ರು. ಧೂಳು ಹಿಡಿದ ಸಿಆರ್‌ಓಗಳು, ಪವರ್ ಸಪ್ಲೈಗಳು, ಫಂಕ್ಷನ್ ಜನರೇಟರ್‌ಗಳು. ಒಂದೊಂದರ ಮೈಮೇಲೂ ಬಿಳಿ ಪೇಂಟಿನಲ್ಲಿ ಸ್ಟಾಕ್ ರಿಜಿಸ್ಟರ್ ನಂಬರ್. ಗುಜರಿಯವನು ಬಂದು ಕೆಜಿ ಲೆಕ್ಕದಲ್ಲಿ ಹೊತ್ಕೊಂಡು ಹೋಗ್ತಾನೆ ಅಂತ ಅಟೆಂಡರ್ ಅಣ್ಣ ಹೇಳಿದ್ರು. ನಾವು ನಾಲ್ಕು ಜನ ಲ್ಯಾಬ್ ಮೇಡಂ ಹತ್ರ ಹೋಗಿ, ಕಾಡಿ ಬೇಡಿ, ಎರಡು ಫಂಕ್ಷನ್ ಜನರೇಟರ್‌ಗಳನ್ನ ಕ್ಲಬ್ಬಿನ ಹೆಸರಲ್ಲಿ ಬರೆಸಿಕೊಂಡ್ವಿ. ಕನ್ನಡ ಕ್ಲಬ್ಬಿಗೆ ಫಂಕ್ಷನ್ ಜನರೇಟರ್ ಯಾಕೆ ಅಂತ ಮೇಡಂ ಕೇಳಿದ್ದು ನ್ಯಾಯವಾದ ಪ್ರಶ್ನೆ. ನಮ್ಮ ಹತ್ರ ಉತ್ತರ ಇರಲಿಲ್ಲ.

ಆ ಡಬ್ಬದ ಹಿಂದುಗಡೆ ವಿಸಿಎಫ್ ಇನ್ ಅಂತ ಬರೆದಿರೋ ಒಂದು ಬಿಎನ್‌ಸಿ ಸಾಕೆಟ್ ಇತ್ತು. ಇದೇ ತರದ ಡಬ್ಬದಲ್ಲಿ ಎಷ್ಟೋ ಪ್ರಯೋಗ ಮಾಡಿ ರೆಕಾರ್ಡ್ ಬರೆದಿದ್ದೀವಿ, ಆ ಸಾಕೆಟ್ ಯಾಕಿದೆ ಅಂತ ಒಬ್ಬರೂ ಕೇಳಿರಲಿಲ್ಲ. ಅದಕ್ಕೆ ಹೊರಗಿನಿಂದ ವೋಲ್ಟೇಜ್ ಕೊಟ್ಟರೆ ಒಳಗಿನ ಫ್ರೀಕ್ವೆನ್ಸಿ ಬದಲಾಗುತ್ತೆ. ಅಷ್ಟೇ. ಈ ಅಷ್ಟೇ ಅನ್ನೋದನ್ನ ಹಿಡ್ಕೊಂಡು ಸಂಗೀತದ ದಿಕ್ಕನ್ನೇ ತಿರುಗಿಸಿದ ಇಂಜಿನಿಯರ್ ರಾಬರ್ಟ್ ಮೋಗ್.

ಮೋಗ್ ಹುಟ್ಟಿದ್ದು 1934ರ ಮೇ 23ರಂದು, ನ್ಯೂಯಾರ್ಕಿನಲ್ಲಿ. ಬೆಳೆದದ್ದು ಅದೇ ನಗರದ ಫ್ಲಶಿಂಗ್ ಅನ್ನೋ ಬಡಾವಣೆಯಲ್ಲಿ. ಅಪ್ಪ ಜಾರ್ಜ್ ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರ್, ಮನೆಯ ನೆಲಮಾಳಿಗೆಯಲ್ಲಿ ಅವರದ್ದೊಂದು ಸಣ್ಣ ವರ್ಕ್‌ಶಾಪ್. ಅಮ್ಮ ಶರ್ಲಿ ಪಿಯಾನೋ ಟೀಚರ್, ಮಗ ದೊಡ್ಡ ಪಿಯಾನೋ ವಾದಕ ಆಗಲೇಬೇಕು ಅಂತ ಅವರ ಹಟ. ನಮ್ಮಲ್ಲಿ ಅಮ್ಮಂದಿರು ಸಂಗೀತದ ಕ್ಲಾಸಿಗೆ ಹಾಕಿ ಆಮೇಲೆ ಸಿಇಟಿ ಕೋಚಿಂಗಿಗೆ ಬಿಡಿಸ್ತಾರಲ್ಲ, ಅದರ ಉಲ್ಟಾ ಕೇಸ್ ಇದು. ಹುಡುಗ ಪಿಯಾನೋ ಅಭ್ಯಾಸ ಮಾಡ್ತಿದ್ದ, ಆದ್ರೆ ಮನಸ್ಸೆಲ್ಲ ಕೆಳಗೆ ಅಪ್ಪನ ಬೆಸುಗೆ ಕಡ್ಡಿಯ ಹತ್ರ. ಓರಗೆಯ ಹುಡುಗರ ಜೊತೆ ಅಷ್ಟಾಗಿ ಹೊಂದಿಕೊಳ್ಳದ, ನಾಚಿಕೆ ಸ್ವಭಾವದ ಹುಡುಗ.

ಹೈಸ್ಕೂಲ್ ವಯಸ್ಸಿನಲ್ಲಿ ಪತ್ರಿಕೆಯಲ್ಲಿ ಬಂದ ಸರ್ಕ್ಯೂಟ್ ನೋಡಿಕೊಂಡು ಥೆರೆಮಿನ್ ಕಟ್ಟಿದ. ಥೆರೆಮಿನ್ ಅಂದ್ರೆ ಮುಟ್ಟದೇ ನುಡಿಸೋ ವಾದ್ಯ. 1920ರ ಸುಮಾರಿಗೆ ರಷ್ಯಾದ ಲೆವ್ ತೆರ್ಮೆನ್ ಕಂಡುಹಿಡಿದದ್ದು. ಎರಡು ಆ್ಯಂಟೆನಾ ಇರುತ್ತೆ, ಒಂದರ ಹತ್ರ ಕೈ ತಂದ್ರೆ ಸ್ವರ ಏರುತ್ತೆ, ಇನ್ನೊಂದರ ಹತ್ರ ತಂದ್ರೆ ಸದ್ದು ಕಮ್ಮಿ ಆಗುತ್ತೆ. ನಿಮ್ಮ ಕೈಯೇ ಕೆಪಾಸಿಟರಿನ ಒಂದು ಪ್ಲೇಟ್. ಕಿವಿಗೆ ಕೇಳಿಸದಷ್ಟು ಮೇಲಿನ ಫ್ರೀಕ್ವೆನ್ಸಿಯ ಎರಡು ಆಸಿಲೇಟರ್‌ಗಳ ವ್ಯತ್ಯಾಸವೇ ನಮಗೆ ಕೇಳಿಸೋ ಸ್ವರ. ಕಮ್ಯುನಿಕೇಶನ್ ಪೇಪರಿನಲ್ಲಿ ಹೆಟರೋಡೈನ್ ಅಂತ ಐದು ಮಾರ್ಕಿಗೆ ಬರೆದು ಮರೆಯೋ ವಿಷಯ. ಮೋಗ್ ಮರೆಯಲಿಲ್ಲ. 1954ರ ಜನವರಿಯಲ್ಲಿ ಥೆರೆಮಿನ್ ಕಟ್ಟೋದು ಹೇಗೆ ಅಂತ ಅವರ ಲೇಖನ ಒಂದು ರೇಡಿಯೋ ಪತ್ರಿಕೆಯಲ್ಲಿ ಅಚ್ಚಾಯಿತು. ಅಪ್ಪ ಮಗ ಸೇರಿ ಥೆರೆಮಿನ್ ಮಾಡಿ ಮಾರೋ ಕಂಪನಿಯನ್ನೂ ಶುರು ಮಾಡಿದ್ರು.

ಆಗ ಮೋಗ್‌ಗೆ 19 ವರ್ಷ. ಇದನ್ನ ಓದಿದಾಗ ನಾವು ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ನಮಗೂ 19. ನಮ್ಮ ಸಾಧನೆ ಅಂದ್ರೆ ಬ್ರೆಡ್‌ಬೋರ್ಡಿನಲ್ಲಿ ಎಲ್‌ಇಡಿ ಮಿನುಗಿಸಿದ್ದು, ಅದೂ ಎರಡನೇ ಸಲಕ್ಕೆ.

ಓದು ಸುಸೂತ್ರವಾಗೇನೂ ನಡೀಲಿಲ್ಲ. ಕ್ವೀನ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರ, ಕೊಲಂಬಿಯಾದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಆಮೇಲೆ ಕಾರ್ನೆಲ್‌ನಲ್ಲಿ ಪಿಎಚ್‌ಡಿ. 1957ರಲ್ಲಿ ಸೇರಿದವರು ಮುಗಿಸಿದ್ದು 1965ರಲ್ಲಿ. ಯಾಕೆ ಎಂಟು ವರ್ಷ ಅಂದ್ರೆ, ಮಧ್ಯೆ ಮದುವೆ, ಮಕ್ಕಳು, ಜೊತೆಗೆ ಥೆರೆಮಿನ್. 1961ರಲ್ಲಿ ಟ್ರಾನ್ಸಿಸ್ಟರ್ ಥೆರೆಮಿನ್ ಬಗ್ಗೆ ಇನ್ನೊಂದು ಲೇಖನ ಬರೆದು, ಬಿಡಿಭಾಗಗಳ ಕಿಟ್ಟನ್ನು ಸುಮಾರು 50 ಡಾಲರಿಗೆ ಮಾರೋಕೆ ಶುರು ಮಾಡಿದ್ರು. ಹೆಚ್ಚು ಕಡಿಮೆ ಸಾವಿರ ಕಿಟ್ ಹೋಯಿತು. ಸಣ್ಣ ಬಾಡಿಗೆ ಮನೆಯಲ್ಲೇ ಪ್ಯಾಕಿಂಗ್. ಥೀಸಿಸ್ ಒಂದು ಕಡೆ, ಸ್ಕ್ರೂ ಎಣಿಸಿ ಪೊಟ್ಟಣ ಕಟ್ಟೋದು ಇನ್ನೊಂದು ಕಡೆ. ಆ ದುಡ್ಡಿನ ಧೈರ್ಯದ ಮೇಲೆ ಕಾರ್ನೆಲ್ ಹತ್ತಿರದ ಟ್ರೂಮನ್ಸ್‌ಬರ್ಗ್ ಅನ್ನೋ ಹಳ್ಳಿಯಂಥ ಊರಲ್ಲಿ ಒಂದು ಅಂಗಡಿ ಮಳಿಗೆ ಹಿಡಿದರು.

1963ರ ಕೊನೆಗೆ ರಾಚೆಸ್ಟರಿನಲ್ಲಿ ಸಂಗೀತ ಶಿಕ್ಷಕರ ಸಮ್ಮೇಳನ. ಮೋಗ್ ಅಲ್ಲಿ ಥೆರೆಮಿನ್ ಇಟ್ಟುಕೊಂಡು ಕೂತಿದ್ದರು. ಹಾಫ್‌ಸ್ಟ್ರಾ ಯೂನಿವರ್ಸಿಟಿಯಲ್ಲಿ ಪಾಠ ಮಾಡ್ತಿದ್ದ ಹರ್ಬರ್ಟ್ ಡಾಯ್ಚ್ ಅನ್ನೋ ಸಂಗೀತ ಸಂಯೋಜಕರು ಅಲ್ಲಿಗೆ ಬಂದು ಮಾತಿಗೆ ನಿಂತರು. ಆ ಕಾಲದಲ್ಲಿ ಎಲೆಕ್ಟ್ರಾನಿಕ್ ಸಂಗೀತ ಅಂದ್ರೆ ನರಕ. ಲ್ಯಾಬಿನ ಆಸಿಲೇಟರಿನಲ್ಲಿ ಒಂದೊಂದು ಸ್ವರ ಹೊರಡಿಸಿ, ಟೇಪಿನಲ್ಲಿ ಹಿಡಿದು, ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ, ಅಂಟಿಸಿ, ಮತ್ತೆ ಕತ್ತರಿಸಬೇಕಿತ್ತು. ಒಂದು ನಿಮಿಷದ ಸಂಗೀತಕ್ಕೆ ವಾರಗಟ್ಟಲೆ ಕೆಲಸ. ಕೊಲಂಬಿಯಾದಲ್ಲಿ ಆರ್‌ಸಿಎ ಕಂಪನಿಯ ಮಾರ್ಕ್ 2 ಅನ್ನೋ ಸಿಂಥಸೈಸರ್ ಇತ್ತು ನಿಜ, ಆದ್ರೆ ಅದು ಒಂದು ಕೋಣೆ ತುಂಬೋವಷ್ಟು ದೊಡ್ಡದು, ಸ್ವರಗಳನ್ನ ಕಾಗದದ ಸುರುಳಿಯಲ್ಲಿ ತೂತು ಹೊಡೆದು ಕೊಡಬೇಕು. ಅಂಥದ್ದನ್ನ ಮನೆಗೆ ತರೋಕಾಗುತ್ತಾ?

ಡಾಯ್ಚ್ 1964ರ ಬೇಸಿಗೆಯಲ್ಲಿ ಟ್ರೂಮನ್ಸ್‌ಬರ್ಗಿಗೆ ಬಂದು ಕೂತರು. ಸಂಗೀತಗಾರ ಇಂಥದ್ದು ಬೇಕು ಅನ್ನೋದು, ಇಂಜಿನಿಯರ್ ಅದನ್ನ ಕಟ್ಟೋದು. ಒಂದು ದಿನ ಡಾಯ್ಚ್‌ಗೆ ಅನ್ನಿಸ್ತು, ಸ್ವರ ಒಂದೇ ಸಮನೆ ಊಳಿಡುತ್ತೆ, ಪಿಯಾನೋ ಥರ ಹುಟ್ಟಿ ಸಾಯಲ್ಲ. ಮೋಗ್ ಅವರನ್ನ ಹಾರ್ಡ್‌ವೇರ್ ಅಂಗಡಿಗೆ ಕಳಿಸಿ ಮನೆಬಾಗಿಲ ಕಾಲಿಂಗ್ ಬೆಲ್ಲಿನ ಒಂದು ಬಟನ್ ತರಿಸಿದರು. ಅದನ್ನ ಒಂದು ಕೆಪಾಸಿಟರ್ ಸರ್ಕ್ಯೂಟಿಗೆ ಜೋಡಿಸಿದರು. ಬಟನ್ ಒತ್ತಿದ್ರೆ ಸ್ವರ ಏಳುತ್ತೆ, ಬಿಟ್ಟರೆ ನಿಧಾನಕ್ಕೆ ಆರುತ್ತೆ. ಇವತ್ತು ಯಾವ ಕೀಬೋರ್ಡ್ ತಗೊಂಡ್ರೂ ಎನ್ವಲಪ್ ಅಂತ ಒಂದು ವಿಭಾಗ ಇರುತ್ತಲ್ಲ, ಅದರ ಅಜ್ಜ ಒಂದು ಕಾಲಿಂಗ್ ಬೆಲ್ ಬಟನ್.

ಈಗ ನಮ್ಮ ಬಿಎನ್‌ಸಿ ಸಾಕೆಟ್ಟಿಗೆ ಬರೋಣ. ಮೋಗ್ ಮಾಡಿದ್ದು ಇಷ್ಟು: ಸದ್ದು ಮಾಡೋ ಡಬ್ಬ ಬೇರೆ, ಸದ್ದನ್ನ ಸೋಸೋ ಡಬ್ಬ ಬೇರೆ, ಜೋರು ಮೆಲ್ಲಗೆ ಮಾಡೋ ಡಬ್ಬ ಬೇರೆ. ಮೂರನ್ನೂ ಕೈಯಲ್ಲಿ ತಿರುಗಿಸೋ ಬದಲು ವೋಲ್ಟೇಜಿನಿಂದ ಆಳೋದು. ಆ ವೋಲ್ಟೇಜ್ ಕೀಬೋರ್ಡಿನಿಂದ ಬರಬಹುದು, ಇನ್ನೊಂದು ಆಸಿಲೇಟರಿನಿಂದಲೂ ಬರಬಹುದು. ಒಂದು ಡಬ್ಬದ ಔಟ್‌ಪುಟ್ಟನ್ನು ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಥರ ವೈರ್ ಚುಚ್ಚಿ ಇನ್ನೊಂದಕ್ಕೆ ಕೊಡೋದು. ಮಾಡ್ಯುಲರ್ ಅನ್ನೋ ಪದದ ಅರ್ಥ ಇದೇ.

ಅಳತೆ ಒಂದು ವೋಲ್ಟಿಗೆ ಒಂದು ಆಕ್ಟೇವ್. ವೋಲ್ಟೇಜ್ ಒಂದು ಏರಿದರೆ ಫ್ರೀಕ್ವೆನ್ಸಿ ದುಪ್ಪಟ್ಟು, ಅಂದ್ರೆ ಮಂದ್ರದ ಷಡ್ಜ ಮಧ್ಯದ ಷಡ್ಜ ಆಗುತ್ತೆ. ಹೀಗೆ ದುಪ್ಪಟ್ಟಾಗೋ ಸಂಬಂಧ ಎಲ್ಲಿಂದ ತರೋದು? ಟ್ರಾನ್ಸಿಸ್ಟರಿನೊಳಗೇ ಇದೆ. ಬೇಸ್ ಎಮಿಟರ್ ವೋಲ್ಟೇಜ್ ಸುಮಾರು 18 ಮಿಲಿವೋಲ್ಟ್ ಏರಿದರೆ ಕಲೆಕ್ಟರ್ ಕರೆಂಟ್ ಎರಡು ಪಟ್ಟಾಗುತ್ತೆ. ನಾವು ಈ ಸಮೀಕರಣವನ್ನ ಬಾಯಿಪಾಠ ಮಾಡಿದ್ದೀವಿ, ಡಯೋಡಿಗೆ ಒಂದು ಸಲ, ಟ್ರಾನ್ಸಿಸ್ಟರಿಗೆ ಒಂದು ಸಲ. ಅದರೊಳಗೆ ಸಾರಿಗಮ ಕೂತಿದೆ ಅಂತ ಯಾರೂ ಹೇಳಿಕೊಡಲಿಲ್ಲ. ತೊಂದರೆ ಏನು ಅಂದ್ರೆ, ಆ ಸಮೀಕರಣದಲ್ಲಿ ಟೆಂಪರೇಚರ್ ಕೂಡ ಇದೆ. ಕೋಣೆ ಬಿಸಿ ಆದ್ರೆ ಶ್ರುತಿ ಜಾರುತ್ತೆ. ಮೋಗ್‌ರ ಮೊದಲ ಕಾಲದ 901 ಆಸಿಲೇಟರ್‌ಗಳು ಇದಕ್ಕೆ ಕುಖ್ಯಾತ.

1964ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಆಡಿಯೋ ಇಂಜಿನಿಯರ್‌ಗಳ ಸಮಾವೇಶದಲ್ಲಿ ಮೋಗ್ ಇದರ ಬಗ್ಗೆ ಪ್ರಬಂಧ ಮಂಡಿಸಿದರು. ಅಲ್ಲೇ ಆರ್ಡರ್ ಬರೋಕೆ ಶುರುವಾಯ್ತು. ಇಲ್ಲೊಂದು ಮಾತು ಹೇಳಲೇಬೇಕು. ಇದೇ ಯೋಚನೆ ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ಅವರಿಗೂ ಹೊಳೆದಿತ್ತು. ಅವರು ಪಿಯಾನೋ ಥರದ ಕೀಬೋರ್ಡೇ ಬೇಡ, ಹೊಸ ವಾದ್ಯಕ್ಕೆ ಹೊಸ ಕೈ ಬೇಕು ಅನ್ನೋ ಪೈಕಿ. ಮೋಗ್ ಕೀಬೋರ್ಡ್ ಇಟ್ಟರು. ಜನ ಆ ಕಡೆಗೇ ಹೋದರು. ಯಾರು ಸರಿ ಅನ್ನೋದರ ಮೇಲೆ ನಮ್ಮೊಳಗೇ ಎರಡು ಪಾರ್ಟಿ ಆಗಿದೆ.

ಮೋಗ್‌ರಲ್ಲಿ ನಮಗೆ ಇಷ್ಟವಾದದ್ದು ಬುದ್ಧಿವಂತಿಕೆಗಿಂತ ಹೆಚ್ಚಾಗಿ ಕಿವಿ. ಕೇಳಿಸಿಕೊಳ್ಳೋ ಗುಣ. ಕೊಲಂಬಿಯಾದ ಉಸಾಚೆವ್‌ಸ್ಕಿ ಬಂದು, ಸ್ವರಕ್ಕೆ ನಾಲ್ಕು ಹಂತ ಬೇಕು ಅಂತ ಲೆಕ್ಕ ಬರೆದುಕೊಟ್ಟರು: ಏರೋದು, ಸ್ವಲ್ಪ ಇಳಿಯೋದು, ನಿಲ್ಲೋದು, ಆರೋದು. ಮೋಗ್ ಕಟ್ಟಿಕೊಟ್ಟರು. ಟೊರಾಂಟೊ ಯೂನಿವರ್ಸಿಟಿಯ ಗುಸ್ತಾವ್ ಚಮಾಗಾ ವೋಲ್ಟೇಜಿನಿಂದ ನಡೆಯೋ ಲೋ ಪಾಸ್ ಫಿಲ್ಟರ್ ಕೇಳಿದರು. ಅದರಿಂದ ಹುಟ್ಟಿದ್ದೇ ಮೋಗ್‌ರ ಹೆಸರು ಉಳಿಸಿದ ಲ್ಯಾಡರ್ ಫಿಲ್ಟರ್. ಟ್ರಾನ್ಸಿಸ್ಟರ್ ಜೋಡಿಗಳನ್ನ ಏಣಿ ಮೆಟ್ಟಿಲಿನ ಥರ ಒಂದರ ಮೇಲೊಂದು ಜೋಡಿಸಿ, ಮೆಟ್ಟಿಲ ನಡುವೆ ಕೆಪಾಸಿಟರ್ ಇಟ್ಟು ಮಾಡಿದ್ದು, ಆಕ್ಟೇವಿಗೆ 24 ಡೆಸಿಬೆಲ್ ಕತ್ತರಿಸುತ್ತೆ. 1969ರಲ್ಲಿ ಪೇಟೆಂಟ್ ಸಿಕ್ಕಿತು. ಡೇವಿಡ್ ಬೋರ್ಡನ್ ಅನ್ನೋ ಸಂಯೋಜಕರಿಗೆ ಎಲೆಕ್ಟ್ರಾನಿಕ್ಸ್ ಅ ಆ ಇ ಈ ಗೊತ್ತಿರಲಿಲ್ಲ, ರಾತ್ರಿ ಹೊತ್ತು ಸ್ಟುಡಿಯೋಗೆ ಬಂದು ಸಿಕ್ಕಿದ್ದಕ್ಕೆ ಸಿಕ್ಕಿದ್ದು ಚುಚ್ಚಿ ಮಾಡ್ಯೂಲ್ ಸುಟ್ಟು ಹಾಕ್ತಿದ್ರು. ಬೈದು ಓಡಿಸೋ ಬದಲು ಅವರನ್ನೇ ಟೆಸ್ಟಿಂಗಿಗೆ ಇಟ್ಟುಕೊಂಡರು. ಈತ ಎಷ್ಟು ತಪ್ಪು ಚುಚ್ಚಿದರೂ ಸುಡಬಾರದು, ಹಾಗೆ ಡಿಸೈನ್ ಬದಲಾಯಿಸಿದರು. ನಮ್ಮ ಲ್ಯಾಬಿನಲ್ಲಿ ಐಸಿ ಸುಟ್ಟರೆ ಫೈನ್.

1968ರಲ್ಲಿ ವೆಂಡಿ ಕಾರ್ಲೋಸ್ ಬಾಕ್‌ನ ಸಂಗೀತವನ್ನ ಮೋಗ್ ಮೇಲೆ ನುಡಿಸಿದ ಸ್ವಿಚ್ಡ್ ಆನ್ ಬಾಕ್ ರೆಕಾರ್ಡ್ ಬಂತು. ಆ ಯಂತ್ರದಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಹಾಗಾಗಿ ಒಂದೊಂದು ಎಳೆಯನ್ನೂ ಬೇರೆ ಬೇರೆ ನುಡಿಸಿ, ಎಂಟು ಟ್ರ್ಯಾಕಿನ ಟೇಪಿನಲ್ಲಿ ಮೇಲೆ ಮೇಲೆ ಕೂರಿಸಿದ್ದು. ಶಾಸ್ತ್ರೀಯ ಸಂಗೀತದ ರೆಕಾರ್ಡ್ ಒಂದು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಮೂರು ಗ್ರ್ಯಾಮಿ ಬಂತು. 1969ರಲ್ಲಿ ಬೀಟಲ್ಸ್ ಕೂಡ ಆಬಿ ರೋಡ್ ಆಲ್ಬಮ್ಮಿನಲ್ಲಿ ಮೋಗ್ ಬಳಸಿದರು. ಎಲ್ಲ ಯೂನಿವರ್ಸಿಟಿಗಳಿಗೂ ಒಂದು ಮೋಗ್ ಬೇಕು, ಇಲ್ಲದಿದ್ದರೆ ಒಂದು ಬುಕ್ಲಾ ಬೇಕು ಅನ್ನೋ ಕಾಲ ಅದು.

ನಮ್ಮ ದೇಶಕ್ಕೂ ಬಂತು. ಇದು ನಮಗೆ ಗೊತ್ತೇ ಇರಲಿಲ್ಲ. 1969ರಲ್ಲಿ ಅಹಮದಾಬಾದಿನ ಎನ್‌ಐಡಿಯಲ್ಲಿ, ಅಂದ್ರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಮೋಗ್ ಮಾಡ್ಯುಲರ್ ಇಟ್ಟು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಶುರು ಮಾಡಿದರು. ನಿಲ್ಲಿಸಿಕೊಟ್ಟವರು ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್. ಇದರ ಹಿಂದಿನ ಒಬ್ಬ ಮುಖ್ಯ ವ್ಯಕ್ತಿ ಗೀತಾ ಸಾರಾಭಾಯ್. 1940ರ ದಶಕದಲ್ಲೇ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್‌ಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಅವರಿಂದ ಪಾಶ್ಚಾತ್ಯ ಸಂಗೀತ ಕಲಿತವರು. ಇವರ ಅಣ್ಣ ವಿಕ್ರಮ್ ಸಾರಾಭಾಯ್. ಅದೇ 1969ರ ಆಗಸ್ಟ್ 15ಕ್ಕೆ ಇಸ್ರೋ ಹುಟ್ಟಿದ್ದು. ನ್ಯೂ ಬಿಇಎಲ್ ರಸ್ತೆಯಲ್ಲಿ ಬಸ್ಸಿನಿಂದ ದಿನಾ ನೋಡೋ ಅಂತರಿಕ್ಷ ಭವನಕ್ಕೂ ಮೋಗ್ ಸಿಂಥಸೈಸರಿಗೂ ಒಂದೇ ಮನೆಯ ನಂಟು ಅಂದ್ರೆ ನಂಬ್ತೀರಾ?

ಆ ಸ್ಟುಡಿಯೋದಲ್ಲಿ ಗೀತಾ ಸಾರಾಭಾಯ್, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಕೆಲಸ ಮಾಡಿದರು. ಜೋಶಿಪುರ ಆಗಿನ್ನೂ ವಿದ್ಯಾರ್ಥಿ, ನಮ್ಮದೇ ವಯಸ್ಸಿನ ಆಸುಪಾಸು. ಅಹಮದಾಬಾದಿನ ಮೇ ತಿಂಗಳ ಬಿಸಿಲಲ್ಲಿ ಆ 1960ರ ದಶಕದ ಆಸಿಲೇಟರ್‌ಗಳನ್ನ ಶ್ರುತಿಯಲ್ಲಿ ನಿಲ್ಲಿಸೋಕೆ ಎಷ್ಟು ಒದ್ದಾಡಿರಬೇಕು, ನೀವೇ ಊಹಿಸಿಕೊಳ್ಳಿ. ಮೂರ್ನಾಲ್ಕು ವರ್ಷ ನಡೆದು ಸ್ಟುಡಿಯೋ ನಿಂತುಹೋಯಿತು. ಟೇಪುಗಳು ಎಲ್ಲೋ ಕಪಾಟಿನಲ್ಲಿ ಉಳಿದವು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಯಾರೂ ಕೇಳಲಿಲ್ಲ. ಪಾಲ್ ಪರ್ಗಾಸ್ ಅನ್ನೋ ಬ್ರಿಟಿಷ್ ಸಂಗೀತಗಾರ ಎನ್‌ಐಡಿಯ ಸಂಗ್ರಹದಲ್ಲಿ ಅವನ್ನ ಹುಡುಕಿ ತೆಗೆದ ಮೇಲೆ, 2023ರಲ್ಲಿ ರೆಕಾರ್ಡ್ ಆಗಿ ಹೊರಬಂತು. ಹೆಡ್‌ಫೋನ್ ಹಾಕಿ ಕೇಳಿ. ಹಳೇದು ಅಂತ ಅನ್ನಿಸೋದೇ ಇಲ್ಲ.

ಇತ್ತ ಟ್ರೂಮನ್ಸ್‌ಬರ್ಗಿನಲ್ಲಿ ಹೆಸರು ಬಂದಷ್ಟು ದುಡ್ಡು ಬರಲಿಲ್ಲ. ಮೋಗ್ ಒಳ್ಳೆ ಇಂಜಿನಿಯರ್, ವ್ಯಾಪಾರ ಸೊನ್ನೆ. ಸಾಲ ಏರ್ತಾ ಹೋಯ್ತು. ಕೆಲಸ ಹೋಗುತ್ತೆ ಅನ್ನೋ ಭಯದಲ್ಲಿ ಅಲ್ಲಿನ ಇಂಜಿನಿಯರ್ ಬಿಲ್ ಹೆಮ್ಸಾತ್ ಉಳಿದ ಪಳೆದ ಭಾಗಗಳನ್ನ ಸೇರಿಸಿ, ವೈರ್ ಚುಚ್ಚೋ ಗೊಡವೆಯೇ ಇಲ್ಲದ ಸಣ್ಣ ಸಿಂಥ್ ಒಂದನ್ನ ಕಟ್ಟಿದರು. ಅದೇ 1970ರಲ್ಲಿ ಬಂದ ಮಿನಿಮೋಗ್. ಅದರ ಹತ್ತು ವರ್ಷದ ಆಯಸ್ಸಿನಲ್ಲಿ 12,000ಕ್ಕೂ ಹೆಚ್ಚು ಮಾರಾಟವಾಯಿತು. ಆದ್ರೆ ಅಷ್ಟರಲ್ಲಿ ಕಂಪನಿಯೇ ಮೋಗ್ ಕೈಲಿರಲಿಲ್ಲ. 1971ರಲ್ಲಿ ಮಾರಬೇಕಾಗಿ ಬಂತು, 1973ರಲ್ಲಿ ಅದು ಮತ್ತೆ ಕೈ ಬದಲಾಯಿಸಿತು. 1977ರಲ್ಲಿ ಮೋಗ್ ಹೊರಗೆ ಬಂದರು. ಬರುವಾಗ ಬಿಟ್ಟು ಬಂದದ್ದು ತಮ್ಮ ಹೆಸರನ್ನ. ಮೋಗ್ ಅನ್ನೋ ಬ್ರ್ಯಾಂಡ್ ಕಂಪನಿಯ ಸ್ವತ್ತು, ಮೋಗ್ ಅನ್ನೋ ಮನುಷ್ಯ ಅದನ್ನ ಬಳಸೋ ಹಾಗಿಲ್ಲ. ನಾರ್ತ್ ಕೆರೊಲಿನಾದ ಗುಡ್ಡಗಾಡಿಗೆ ಹೋಗಿ ಬಿಗ್ ಬ್ರಯರ್ ಅನ್ನೋ ಹೆಸರಲ್ಲಿ ಮತ್ತೆ ಥೆರೆಮಿನ್ ಮಾಡಿದರು. 19ನೇ ವಯಸ್ಸಿನಲ್ಲಿ ಎಲ್ಲಿ ಶುರು ಮಾಡಿದ್ರೋ ಅಲ್ಲಿಗೇ.

ಯೂನಿವರ್ಸಿಟಿಗಳ ದೊಡ್ಡ ಮಾಡ್ಯುಲರ್‌ಗಳ ಕಥೆಯೂ ಅಷ್ಟೇ. 1983ರಲ್ಲಿ ಯಮಾಹಾ ಡಿಎಕ್ಸ್7 ಬಂತು, ಹಿಂದೆಯೇ ಕಂಪ್ಯೂಟರ್ ಬಂತು. ಬಟನ್ ಒತ್ತಿದರೆ ಸದ್ದು ರೆಡಿ. ಅರ್ಧ ದಿನ ವೈರ್ ಚುಚ್ಚಿ, ಮಾರನೇ ದಿನ ಅದೇ ಸದ್ದು ಮತ್ತೆ ಬರದೇ ಇರೋ ಗೋಡೆಯಷ್ಟು ದೊಡ್ಡ ಯಂತ್ರ ಯಾರಿಗೆ ಬೇಕು? ರಿಪೇರಿ ಗೊತ್ತಿದ್ದ ಟೆಕ್ನಿಶಿಯನ್ ನಿವೃತ್ತರಾದರು. ಒಂದು ಮಾಡ್ಯೂಲ್ ಕೆಟ್ಟರೆ ಇನ್ನೊಂದರಿಂದ ಭಾಗ ಕಿತ್ತರು. ಕೊನೆಗೆ ಸ್ಟೋರ್ ರೂಮ್, ಆಮೇಲೆ ಹರಾಜು. ಕಡಿಮೆ ಬೆಲೆಗೆ ತಗೊಂಡವರು ಪುಣ್ಯವಂತರು. 2015ರಲ್ಲಿ ಮೋಗ್ ಕಂಪನಿ ಹಳೇ ಸಿಸ್ಟಮ್ 55 ಮಾಡ್ಯುಲರನ್ನೇ ಮತ್ತೆ ತಯಾರಿಸಿದಾಗ ಅದರ ಬೆಲೆ 35,000 ಡಾಲರ್.

ಅಂಥ ಯಂತ್ರ ಸಿಕ್ಕಿದವರು ಮಾಡೋ ಮೊದಲ ತಪ್ಪು, ಖುಷಿಯಲ್ಲಿ ಪ್ಲಗ್ ಹಾಕೋದು. ಹಾಕಬಾರದು. ಹತ್ತಿಪ್ಪತ್ತು ವರ್ಷ ಸುಮ್ಮನೆ ಕೂತ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಳಗೇ ಹಾಳಾಗಿರುತ್ತೆ, ಒಮ್ಮೆಲೇ ವೋಲ್ಟೇಜ್ ಬಿದ್ದರೆ ಅದೂ ಹೋಗುತ್ತೆ, ಜೊತೆಗೆ ಇನ್ನೇನೇನೋ ಹೋಗುತ್ತೆ. ಮೊದಲು ಪವರ್ ಸಪ್ಲೈಯನ್ನ ಉಳಿದದ್ದರಿಂದ ಬೇರೆ ಮಾಡಿ ಪರೀಕ್ಷಿಸಬೇಕು. ಮೋಗ್ 900 ಸರಣಿಗೆ ಬೇಕಾದದ್ದು ಪ್ಲಸ್ 12 ಮತ್ತು ಮೈನಸ್ 6 ವೋಲ್ಟ್. ನಮ್ಮ ಆಪ್ ಆ್ಯಂಪ್ ಲ್ಯಾಬಿನ ಪ್ಲಸ್ ಮೈನಸ್ 12 ಕೊಟ್ಟರೆ ಮುಗೀತು ಕಥೆ. ಆಮೇಲೆ ಒಂದೊಂದೇ ಮಾಡ್ಯೂಲ್ ಬಿಚ್ಚಿ, ಕನೆಕ್ಟರ್ ಉಜ್ಜಿ, ಪಾಟ್‌ಗಳಿಗೆ ಕ್ಲೀನರ್ ಹೊಡೆದು, ಕೊನೆಗೆ ಆಸಿಲೇಟರ್‌ಗಳನ್ನ ಬಿಸಿಯಾಗೋಕೆ ಬಿಟ್ಟು ಒಂದು ವೋಲ್ಟಿಗೆ ಒಂದು ಆಕ್ಟೇವ್ ಬರೋವರೆಗೆ ತಿರುಪು ತಿರುಗಿಸ್ತಾ ಕೂರೋದು. ಒಳ್ಳೆ ವಿಷಯ ಏನು ಅಂದ್ರೆ, ಒಳಗೆ ಗುಟ್ಟಿನ ಚಿಪ್ ಅಂತ ಏನೂ ಇಲ್ಲ. ಎಲ್ಲ ಬಿಡಿ ಟ್ರಾನ್ಸಿಸ್ಟರ್, ರೆಸಿಸ್ಟರ್. ಸರ್ಕ್ಯೂಟ್ ನಕ್ಷೆ ಇದ್ದು ತಾಳ್ಮೆ ಇದ್ದರೆ ರಿಪೇರಿ ಸಾಧ್ಯ.

ಕ್ಲೀನಿಂಗ್ ಮಾಡುವಾಗ ಗ್ಲೌಸ್ ಹಾಕ್ಕೊಳ್ಳಿ. ತಮಾಷೆ ಅಲ್ಲ. 2019ರಲ್ಲಿ ಕ್ಯಾಲಿಫೋರ್ನಿಯಾದ ಸ್ಟೇಟ್ ಯೂನಿವರ್ಸಿಟಿಯೊಂದರ ಕಪಾಟಿನಲ್ಲಿದ್ದ 1960ರ ದಶಕದ ಬುಕ್ಲಾ ಸಿಂಥಸೈಸರನ್ನ ಒಬ್ಬ ಟಿವಿ ಇಂಜಿನಿಯರ್ ರಿಪೇರಿಗೆ ತಗೊಂಡರು. ಒಂದು ನಾಬ್ ಕೆಳಗೆ ಗಟ್ಟಿಯಾಗಿ ಅಂಟಿದ್ದ ಏನನ್ನೋ ಕ್ಲೀನರ್ ಹೊಡೆದು ಬೆರಳಲ್ಲಿ ಉಜ್ಜಿದರು. ಮುಕ್ಕಾಲು ಗಂಟೆಯಲ್ಲಿ ಮೈ ಜುಮ್ಮೆನ್ನೋಕೆ ಶುರು, ಒಂಬತ್ತು ಗಂಟೆ ಕಾಲ ಇಳಿಯಲೇ ಇಲ್ಲ. ಪರೀಕ್ಷೆ ಮಾಡಿಸಿದಾಗ ಅದು ಎಲ್‌ಎಸ್‌ಡಿ! ಅರ್ಧ ಶತಮಾನದ ಹಿಂದೆ ಯಾರೋ ಅಲ್ಲಿ ಬೀಳಿಸಿದ್ದು. ನಮ್ಮ ಡಬ್ಬದಲ್ಲಿ ಸಿಕ್ಕಿದ್ದು ಸತ್ತ ಜಿರಳೆ ಮತ್ತು ಯಾರದೋ ಹಳೇ ಲ್ಯಾಬ್ ಬ್ಯಾಚಿನ ಹಾಲ್ ಟಿಕೆಟ್ ಚೂರು.

ಮೋಗ್ ತಮ್ಮ ಹೆಸರಿಗಾಗಿ ಕಾನೂನು ಹೋರಾಟ ಮಾಡಿ, 2002ರಲ್ಲಿ ವಾಪಸ್ ಪಡೆದರು. ಕಂಪನಿಗೆ ಮತ್ತೆ ಮೋಗ್ ಮ್ಯೂಸಿಕ್ ಅಂತ ಬೋರ್ಡ್ ಬಂತು, ಮಿನಿಮೋಗಿನ ಹೊಸ ಅವತಾರ ವಾಯೇಜರ್ ಬಂತು, ಅದೇ ವರ್ಷ ಟೆಕ್ನಿಕಲ್ ಗ್ರ್ಯಾಮಿ. ಅವರಿಗೆ ಸಿಕ್ಕಿದ್ದು ಮೂರೇ ವರ್ಷ. 2005ರಲ್ಲಿ ಮೆದುಳಿನ ಗಡ್ಡೆ ಪತ್ತೆಯಾಯಿತು, ಆಗಸ್ಟ್ 21ರಂದು ಆಶ್‌ವಿಲ್‌ನ ಮನೆಯಲ್ಲಿ ತೀರಿಕೊಂಡರು. 71 ವರ್ಷ. ಅವರ ನಕ್ಷೆ, ಪತ್ರ, ಟಿಪ್ಪಣಿಗಳನ್ನ 2013ರಲ್ಲಿ ಪತ್ನಿ ಇಲಿಯಾನಾ ಅವರು ಕಾರ್ನೆಲ್ ಯೂನಿವರ್ಸಿಟಿಗೆ ಕೊಟ್ಟರು. ಡಾಯ್ಚ್ ಜೊತೆ ಕೂತು ಕಟ್ಟಿದ ಆ 1964ರ ಮೊದಲ ಯಂತ್ರ ಈಗ ಮಿಚಿಗನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿನಲ್ಲಿದೆ.

ನಮ್ಮ ಎರಡು ಡಬ್ಬಗಳ ಸುದ್ದಿ ಕೇಳ್ತಿದ್ದೀರಿ ತಾನೆ? ಒಂದು ಬದುಕಿದೆ. ಪವರ್ ಸಪ್ಲೈನ ಎರಡು ಕೆಪಾಸಿಟರ್ ಉಬ್ಬಿದ್ದವು, ಮೇಡಂ ಎದುರಿಗೇ ಬದಲಾಯಿಸಿದ್ವಿ. ಇನ್ನೊಂದರಲ್ಲಿ 8038 ಅನ್ನೋ ಚಿಪ್ ಸತ್ತಿತ್ತು. ಅದನ್ನ ತಯಾರಿಸೋದೇ ನಿಲ್ಲಿಸಿ ವರ್ಷಗಳಾಗಿವೆ. ಅಂಗಡಿಯೊಂದರಲ್ಲಿ ಸಿಕ್ಕಿದ್ದು ಲೇಬಲ್ ಮಾತ್ರ ಹೊಸದಾದ ಹಳೇ ಮಾಲು, ಉಸಿರೇ ಎತ್ತಲಿಲ್ಲ. ಸ್ಟೋರ್ ರೂಮಿನಲ್ಲಿ ಅದೇ ಮಾಡೆಲ್ ಇನ್ನೂ ಮೂರು ನೋಡಿದ್ದೆವು, ಒಂದರಿಂದ ಚಿಪ್ ಕಿತ್ಕೊಳ್ಳೋಣ ಅಂತ ಓಡಿದ್ವಿ. ಹಿಂದಿನ ದಿನವೇ ಟೆಂಪೋ ಬಂದು ಹೋಗಿತ್ತು. ಖಾಲಿ ರ್‍ಯಾಕ್, ನೆಲದ ಮೇಲೆ ಡಬ್ಬಗಳಿದ್ದ ಜಾಗದಲ್ಲಿ ಚೌಕ ಚೌಕ ಧೂಳಿನ ಗುರುತು. ಒಂದು ದಿನ ಮೊದಲು ಹೋಗಬೇಕಿತ್ತು, ಇಂಟರ್ನಲ್ಸ್ ಇದೆ ಅಂತ ಮುಂದೆ ಹಾಕಿದ್ದು ನಾವೇ.

ಬದುಕಿದ ಡಬ್ಬದ ವಿಸಿಎಫ್ ಸಾಕೆಟ್ಟಿಗೆ ಕೀಬೋರ್ಡ್ ವೋಲ್ಟೇಜ್ ಕೊಟ್ಟು ನೋಡಿದ್ವಿ. ಸ್ವರ ಬಂತು, ಆದ್ರೆ ಸಾರಿಗಮ ಮೇಲೆ ಹೋದಂತೆಲ್ಲ ಬೇಸುರ. ಯಾಕೆ ಅಂದ್ರೆ ಆ ಸಾಕೆಟ್ಟಿನದ್ದು ಲೀನಿಯರ್ ಲೆಕ್ಕ, ವೋಲ್ಟಿಗೆ ಇಷ್ಟು ಹರ್ಟ್ಸ್ ಅಂತ ಮಾತ್ರ. ದುಪ್ಪಟ್ಟಾಗೋದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಮೋಗ್ ದಾರಿಯೇ ಹಿಡಿದು, ಬಿಸಿ547 ಟ್ರಾನ್ಸಿಸ್ಟರ್‌ಗಳಲ್ಲಿ ಹೊಂದೋ ಜೋಡಿ ಆರಿಸಿ, ಬೆನ್ನಿಗೆ ಬೆನ್ನು ಅಂಟಿಸಿ, ಎಕ್ಸ್‌ಪೊನೆನ್ಶಿಯಲ್ ಕನ್ವರ್ಟರ್ ಕಟ್ಟಿದ್ದೀವಿ. ಎರಡು ಆಕ್ಟೇವ್‌ವರೆಗೆ ಮೋಹನ ರಾಗದ ಆರೋಹಣ ಹೆಚ್ಚು ಕಡಿಮೆ ಸರಿಯಾಗಿ ಬರುತ್ತೆ. ಫ್ಯಾನ್ ಹಾಕಿದರೆ ಒಂದು ಶ್ರುತಿ, ಆಫ್ ಮಾಡಿದರೆ ಇನ್ನೊಂದು. ನಮ್ಮಲ್ಲೊಬ್ಬಳ ಅಜ್ಜಿ ಆರ್.ಟಿ. ನಗರದಲ್ಲಿ ಸಂಗೀತ ಪಾಠ ಹೇಳ್ತಾರೆ, ಅವರ ಎಲೆಕ್ಟ್ರಾನಿಕ್ ತಂಬೂರಿ ಜೊತೆ ಹೋಲಿಸಿ ಕೇಳಿಸಿದ್ವಿ. ಅಜ್ಜಿ ಎರಡು ನಿಮಿಷ ಕೇಳಿ, ಫ್ಯಾನ್ ಆಫ್ ಮಾಡಿಸಿದ್ರು.

ಮುಂದಿನ ತಿಂಗಳು ಮೆಕ್ಯಾನಿಕಲ್ ಬ್ಲಾಕಿನ ಸ್ಟೋರ್ ರೂಮ್ ಖಾಲಿ ಮಾಡ್ತಾರಂತೆ. ಅದರ ಬೀಗದ ಕೈ ಯಾರ ಹತ್ರ ಇದೆ ಅಂತ ಗೊತ್ತಿದ್ದವರು ದಯವಿಟ್ಟು ಟೆಂಪೋ ಬರೋದರೊಳಗೆ ಕ್ಲಬ್ಬಿನವರಿಗೆ ತಿಳಿಸಿ.